ಅಮೆರಿಕದ ಅಂತರ್ಯುದ್ಧ ಅಲ್ಲಿನ ಹೆಂಗಸರಿಗೆ ಬಿಡುಗಡೆ ತಂದಿತೇ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತ್ತೆಂದು ಓದಿದ್ದೇನೆ. ಆದರೆ ಯುದ್ಧ ನಡೆದ ನಾಡಿನಲ್ಲಿ ಹೆಂಗಸರ ದಿನನಿತ್ಯದ ಬದುಕು ಹೇಗಿತ್ತೆಂದು ತಿಳಿಯಲು ಹೊರಟರೆ ಸಿಗುವುದೆಲ್ಲ ದಾದಿಯರ ಮತ್ತು ಗೂಢಚಾರಿಣಿಯರ ಕಥೆಗಳೇ. ಗಂಡಸರು ರಣರಂಗಕ್ಕೆ ಹೋದದ್ದರಿಂದ ಹೆಂಗಸರು ಹೊಸ್ತಿಲು ದಾಟಿ ಸ್ವತಂತ್ರರಾದರು ಎಂಬ ಮಾತು ಎಷ್ಟು ನಿಜ? ಯುದ್ಧ ಮುಗಿದ ಮೇಲೆ ಅವರ ಕೈಯಲ್ಲಿ ಏನು ಉಳಿಯಿತು?

ಉತ್ತರ: ಆ ಮಾತು ಅರ್ಧ ನಿಜ. 1861ರ ಏಪ್ರಿಲ್‌ನಿಂದ 1865ರ ಏಪ್ರಿಲ್‌ವರೆಗೆ ನಡೆದ ಆ ಯುದ್ಧ ಹೆಂಗಸರ ಪಾಲಿಗೆ ದುಡಿಮೆಯನ್ನು ಧಾರಾಳವಾಗಿ ಹಂಚಿತು. ಅದಕ್ಕೆ ಸಲ್ಲಬೇಕಾದ ಕೂಲಿ, ಹುದ್ದೆ, ಹಕ್ಕುಗಳ ವಿಷಯ ಬಂದಾಗ ಮಾತ್ರ ಕೈ ಬಿಗಿ ಹಿಡಿಯಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಅಲ್ಲಿ 'ಹೆಂಗಸರು' ಎಂಬ ಒಂದೇ ಗುಂಪು ಇರಲಿಲ್ಲ. ನ್ಯೂಯಾರ್ಕಿನ ವರ್ತಕನ ಹೆಂಡತಿ, ಫಿಲಡೆಲ್ಫಿಯಾದಲ್ಲಿ ಸೈನಿಕರ ಅಂಗಿ ಹೊಲಿದು ಬದುಕುತ್ತಿದ್ದ ವಿಧವೆ, ಜಾರ್ಜಿಯಾದ ಸಣ್ಣ ಹಿಡುವಳಿದಾರನ ಮಡದಿ, ಮಿಸಿಸಿಪ್ಪಿಯ ಹತ್ತಿ ತೋಟದ ಒಡತಿ, ಅದೇ ತೋಟದಲ್ಲಿ ಗುಲಾಮಳಾಗಿ ಹತ್ತಿ ಬಿಡಿಸುತ್ತಿದ್ದ ತಾಯಿ, ಇವರಿಗೆಲ್ಲ ಯುದ್ಧ ಒಂದೇ ಆಗಿರಲು ಸಾಧ್ಯವಿಲ್ಲ. ಬಿಡುಗಡೆ ಎಂಬ ಮಾತನ್ನು ಅದರ ನಿಜಾರ್ಥದಲ್ಲಿ ಬಳಸಬಹುದಾದದ್ದು ಕೊನೆಯವಳ ವಿಷಯದಲ್ಲಿ ಮಾತ್ರ, ಮತ್ತು ಆ ಬಿಡುಗಡೆಯನ್ನು ಯಾರೂ ಅವಳ ಮನೆ ಬಾಗಿಲಿಗೆ ತಂದು ಕೊಡಲಿಲ್ಲ.

ನೀವು ಹತ್ತಿಯ ಪ್ರಸ್ತಾಪ ಮಾಡಿದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ. ದಕ್ಷಿಣದ ಹನ್ನೊಂದು ರಾಜ್ಯಗಳು ಪ್ರತ್ಯೇಕ ಒಕ್ಕೂಟ ಕಟ್ಟಿಕೊಂಡಾಗ ಉತ್ತರದ ನೌಕಾಪಡೆ ಅವುಗಳ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಾಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತು, ಮುಂಬಯಿ ಪೇಟೆಯಲ್ಲಿ ಬೆಲೆ ಏರಿ, 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತುತ್ತಿದ್ದ ಧಾರವಾಡದ ಕಪ್ಪು ನೆಲಕ್ಕೆ ಸುಗ್ಗಿ ಬಂತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಅದೇ ದಿಗ್ಬಂಧನದ ಇನ್ನೊಂದು ಮಗ್ಗುಲಲ್ಲಿ ದಕ್ಷಿಣದ ಅಡುಗೆಮನೆಗಳಿದ್ದವು. ಜಗತ್ತಿಗೆ ಬಟ್ಟೆ ತೊಡಿಸುವಷ್ಟು ಹತ್ತಿ ಬೆಳೆಯುತ್ತಿದ್ದ ಆ ನಾಡು ಬಟ್ಟೆಯನ್ನೂ ಸೂಜಿಯನ್ನೂ ಉಪ್ಪನ್ನೂ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಹಡಗು ನಿಂತೊಡನೆ ಅಟ್ಟದ ಮೇಲೆ ಧೂಳು ಹಿಡಿದಿದ್ದ ಚರಕ, ಮಗ್ಗಗಳನ್ನು ಕೆಳಗಿಳಿಸಬೇಕಾಯಿತು. ಹತ್ತಿ ಹಿಂಜುವ ಉಕ್ಕಿನ ಹಲ್ಲುಗಳ ಕೈಹಣಿಗೆಗಳು ಬರುತ್ತಿದ್ದದ್ದು ಉತ್ತರದ ಕಾರ್ಖಾನೆಗಳಿಂದ. ಅವು ಸವೆದರೆ ಕಣಜದಲ್ಲಿ ಹತ್ತಿ ತುಂಬಿದ್ದರೂ ನೂಲಿಲ್ಲ. ಮನೆಯಲ್ಲಿ ನೇಯ್ದ ಒರಟು ಬಟ್ಟೆಯ ಅಂಗಿ ತೊಡುವುದು ದೇಶಭಕ್ತಿಯೆಂದು ಪತ್ರಿಕೆಗಳು ಹಾಡಿ ಹೊಗಳಿದವು. ನೇಯುವವರಿಗೆ ಅದು ಹಗಲಿನ ಹೊಲಗೆಲಸ ಮುಗಿದ ಮೇಲೆ ಸೇರಿಕೊಂಡ ರಾತ್ರಿಯ ಪಾಳಿಯಾಗಿತ್ತು.

ಉಪ್ಪಿನ ಕಥೆ ಇನ್ನೂ ಕಠಿಣ. ಹಂದಿಮಾಂಸವನ್ನು ಚಳಿಗಾಲದಲ್ಲಿ ಉಪ್ಪು ಹಚ್ಚಿ, ಹೊಗೆ ಹಾಕಿ ವರ್ಷವಿಡೀ ಉಣ್ಣುತ್ತಿದ್ದ ಮನೆಗಳಿಗೆ ಉಪ್ಪಿಲ್ಲವೆಂದರೆ ಮಾಂಸವೂ ಇಲ್ಲ. ಹಳೆಯ ಹೊಗೆಮನೆಗಳ ನೆಲಕ್ಕೆ ವರ್ಷಗಟ್ಟಲೆ ತೊಟ್ಟಿಕ್ಕಿದ್ದ ಉಪ್ಪುನೀರನ್ನು ಮರಳಿ ಪಡೆಯಲು ಹೆಂಗಸರು ಆ ಮಣ್ಣನ್ನೇ ಅಗೆದು, ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ಬತ್ತಿಸುತ್ತಿದ್ದರು. ಜಾರ್ಜಿಯಾದಂಥ ರಾಜ್ಯಗಳಲ್ಲಿ ಸೈನಿಕರ ಕುಟುಂಬಗಳಿಗೆ ಉಪ್ಪು ಹಂಚುವುದು ಸರ್ಕಾರದ ದೊಡ್ಡ ಕೆಲಸಗಳಲ್ಲಿ ಒಂದಾಯಿತು. ಕಾಫಿಗೆ ಬದಲಾಗಿ ಹುರಿದ ರೈ ಧಾನ್ಯ, ಗೆಣಸಿನ ಚೂರು, ಓಕ್ ಮರದ ಕಾಯಿ, ಕೊನೆಗೆ ಬೆಂಡೆಕಾಯಿಯ ಬೀಜವನ್ನೂ ಪುಡಿ ಮಾಡಿ ಕುದಿಸಿದರು. ಗುಲಾಮರ ವ್ಯಾಪಾರದೊಡನೆ ಆಫ್ರಿಕಾದಿಂದ ಬಂದ ಆ ತರಕಾರಿ ಒಡೆಯರ ಮನೆಯ ಬೆಳಗಿನ ಬಟ್ಟಲಿಗೆ ಏರಿದ್ದು ಹೀಗೆ. ಮದ್ದಿನಪುಡಿಗೆ ಬೇಕಾದ ಪೆಟ್ಲುಪ್ಪಿಗಾಗಿ ಮನೆಮನೆಯ ಮೂತ್ರವನ್ನು ಕೂಡಿಡಿ ಎಂದು ಅಲಬಾಮಾದ ಸೆಲ್ಮಾ ಪಟ್ಟಣದಲ್ಲಿ ಅಧಿಕಾರಿಯೊಬ್ಬ ಗೌರವಾನ್ವಿತ ಮಹಿಳೆಯರಿಗೆ ಪತ್ರಿಕೆಯಲ್ಲಿ ಪ್ರಕಟಣೆಯನ್ನೇ ಕೊಟ್ಟಿದ್ದ. ಇದನ್ನು ತಮಾಷೆಯೆಂದು ನೆನೆಯುವವರೇ ಹೆಚ್ಚು. ನನಗೆ ಅದು ಸರ್ಕಾರವೊಂದು ಮನೆಯ ಯಾವ ಮೂಲೆಯವರೆಗೆ ಕೈ ಚಾಚಬಲ್ಲದು ಎಂಬುದರ ಸಾಕ್ಷಿಯಾಗಿ ಕಾಣುತ್ತದೆ.

ಈ ಕೊರತೆಗಳನ್ನು ಹಸಿವಿಗೆ ತಿರುಗಿಸಿದ್ದು ಕಾಯ್ದೆಗಳು. 1862ರ ಏಪ್ರಿಲ್‌ನಲ್ಲಿ ದಕ್ಷಿಣದ ಸರ್ಕಾರ 18ರಿಂದ 35ರ ವಯಸ್ಸಿನ ಬಿಳಿಯ ಗಂಡಸರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಳ್ಳುವ ಕಾನೂನು ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇಪ್ಪತ್ತು ಅಥವಾ ಹೆಚ್ಚು ಗುಲಾಮರಿದ್ದ ತೋಟವೊಂದಕ್ಕೆ ಒಬ್ಬ ಬಿಳಿಯ ಗಂಡಸಿಗೆ ವಿನಾಯಿತಿ ಕೊಟ್ಟಿತು. ದೊಡ್ಡ ತೋಟದ ಒಡತಿಗೆ ಗಂಡನೋ ಮೇಲ್ವಿಚಾರಕನೋ ಉಳಿದ. ಸ್ವಂತ ದುಡಿಮೆಯಿಂದಲೇ ಬದುಕುತ್ತಿದ್ದ ಸಣ್ಣ ರೈತನ ಮನೆಯಲ್ಲಿ ನೇಗಿಲು ಹಿಡಿಯಲು ಹೆಂಡತಿ, ಮಕ್ಕಳು ಮಾತ್ರ ಉಳಿದರು. 1863ರ ಮಾರ್ಚ್‌ನಲ್ಲಿ ಸೈನ್ಯಕ್ಕೆ ಬೇಕಾದ ಧಾನ್ಯ, ದನ, ಬಂಡಿಗಳನ್ನು ಸರ್ಕಾರ ತಾನೇ ಗೊತ್ತುಮಾಡಿದ ಬೆಲೆಗೆ ವಶಪಡಿಸಿಕೊಳ್ಳುವ ಅಧಿಕಾರ ಪಡೆಯಿತು. ಮರುತಿಂಗಳು ಬೆಳೆಯ ಹತ್ತರಲ್ಲೊಂದು ಪಾಲನ್ನು ತೆರಿಗೆಯಾಗಿ ಕೇಳಿತು. ಸಾಮಾನ್ಯ ಸೈನಿಕನ ತಿಂಗಳ ಸಂಬಳ 11 ಡಾಲರ್, ಅದೂ ಹೊತ್ತಿಗೆ ಸರಿಯಾಗಿ ಬಾರದು. ಅತ್ತ ಮುದ್ರಿಸಿದಷ್ಟೂ ಬೆಲೆ ಕಳೆದುಕೊಂಡ ನೋಟುಗಳಿಂದಾಗಿ ಯುದ್ಧದ ಕೊನೆಯ ಹೊತ್ತಿಗೆ ವಸ್ತುಗಳ ಬೆಲೆ ಆರಂಭದಲ್ಲಿದ್ದದ್ದರ ತೊಂಬತ್ತು ಪಟ್ಟಿನ ಆಸುಪಾಸಿಗೆ ಏರಿತ್ತು.

ಇದರ ಫಲ ಬೀದಿಗೆ ಬಂದದ್ದು 1863ರ ವಸಂತದಲ್ಲಿ. ಮಾರ್ಚ್‌ನಲ್ಲಿ ಉತ್ತರ ಕೆರೊಲಿನಾದ ಸಾಲ್ಸ್‌ಬರಿಯಲ್ಲಿ ಸೈನಿಕರ ಹೆಂಡತಿಯರು ಅಂಗಡಿಗಳಿಗೆ ನುಗ್ಗಿ, ಸರ್ಕಾರಿ ದರದಲ್ಲೇ ಹಿಟ್ಟು ಕೊಡಿ ಎಂದು ಪಟ್ಟು ಹಿಡಿದರು. ದಕ್ಷಿಣದ ರಾಜಧಾನಿ ರಿಚ್‌ಮಂಡಿನಲ್ಲಿ ಏಪ್ರಿಲ್ 1ರಂದು ಚರ್ಚೊಂದರಲ್ಲಿ ಸಭೆ ಸೇರಿದ ಹೆಂಗಸರು ಮರುದಿನ ಬೆಳಗ್ಗೆ ರಾಜ್ಯಪಾಲ ಜಾನ್ ಲೆಚರ್‌ನನ್ನು ಕಾಣಲು ಹೊರಟರು. ಮುಂದಾಳುಗಳಲ್ಲಿ ಒಬ್ಬಳಾದ ಮೇರಿ ಜ್ಯಾಕ್ಸನ್ ಪೇಟೆಯಲ್ಲಿ ಮಾಂಸ ಮಾರುತ್ತಿದ್ದವಳು, ಸೈನಿಕನೊಬ್ಬನ ತಾಯಿ. ರಾಜ್ಯಪಾಲನಿಂದ ಸಮಾಧಾನ ಸಿಗದೆ ಗುಂಪು ಕೊಡಲಿ, ಚೂರಿ ಹಿಡಿದು ಅಂಗಡಿ ಸಾಲಿಗೆ ನುಗ್ಗಿತು. ಹಿಟ್ಟು, ಹಂದಿಮಾಂಸಗಳ ಜೊತೆಗೆ ಬೂಟು, ಬಟ್ಟೆಗಳೂ ಹೋದವು. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಸ್ವತಃ ಬಂದು, ಜೇಬಿನಲ್ಲಿದ್ದ ಹಣವನ್ನು ಗುಂಪಿನ ಕಡೆ ಎಸೆದು, ಚದುರದಿದ್ದರೆ ಗುಂಡು ಹಾರಿಸಬೇಕಾಗುತ್ತದೆಂದು ಎಚ್ಚರಿಸಿದನೆಂದು ವರದಿಗಳು ಹೇಳುತ್ತವೆ. ಸುದ್ದಿ ಉತ್ತರದವರ ಕಿವಿಗೆ ಬೀಳದಿರಲೆಂದು ಯುದ್ಧ ಇಲಾಖೆ ಪತ್ರಿಕೆಗಳಿಗೆ ಬಾಯಿ ಮುಚ್ಚಿಕೊಂಡಿರಲು ಕೇಳಿಕೊಂಡಿತು, ಆದರೂ ಸುದ್ದಿ ಸೋರಿತು. ಆಮೇಲೆ ನಗರಸಭೆ ಬಡವರಿಗೆ ಪುಕ್ಕಟೆ ಆಹಾರ ಹಂಚುವ ಏರ್ಪಾಟು ಮಾಡಿತು. ದಂಗೆಯಲ್ಲಿ ಪಾಲುಗೊಂಡವರಿಗೆ ಅದರಲ್ಲಿ ಪಾಲಿಲ್ಲವೆಂದೂ ಕಟ್ಟಳೆ ಮಾಡಿತು.

ಈ ದಂಗೆಗಳಿಗೆ ನಾನು ಇಷ್ಟು ಜಾಗ ಕೊಡುವುದಕ್ಕೆ ಕಾರಣವಿದೆ. ಮತವಿಲ್ಲದ, ಆಸ್ತಿಯ ಮೇಲೆ ಪೂರ್ಣ ಹಕ್ಕಿಲ್ಲದ ಬಡ ಹೆಂಗಸರು 'ಸೈನಿಕನ ಹೆಂಡತಿ' ಎಂಬ ಸ್ಥಾನವನ್ನೇ ಹಿಡಿದು ಸರ್ಕಾರದ ಮುಂದೆ ನಿಂತು ಲೆಕ್ಕ ಕೇಳಿದ್ದು ಇಲ್ಲಿ. ಉತ್ತರ ಕೆರೊಲಿನಾದ ರಾಜ್ಯಪಾಲ ಜೆಬುಲನ್ ವ್ಯಾನ್ಸ್‌ಗೆ ಬಂದ ಪತ್ರಗಳ ರಾಶಿಯಲ್ಲಿ, ಕಾಗುಣಿತ ಸರಿಯಿಲ್ಲದ, ವಾದ ಮಾತ್ರ ನೇರವಾಗಿರುವ ಇಂಥ ಕಾಗದಗಳು ಹೇರಳವಾಗಿವೆ: ನನ್ನ ಗಂಡನನ್ನು ನೀವು ತೆಗೆದುಕೊಂಡಿರಿ, ಇನ್ನು ನನ್ನ ಮಕ್ಕಳಿಗೆ ಅನ್ನ ಯಾರು ಕೊಡುತ್ತಾರೆ, ಎಂಬುದು ಅವುಗಳ ಸಾರ. ಅದೇ ಧಾಟಿಯ ಪತ್ರಗಳು ಪಾಳೆಯಗಳಿಗೂ ಹೋದವು, ಅವನ್ನು ಓದಿದ ಗಂಡಂದಿರು ರಾತ್ರೋರಾತ್ರಿ ಸೈನ್ಯ ಬಿಟ್ಟು ಊರು ಸೇರಿದರು. ದಕ್ಷಿಣ ಸೋತದ್ದು ರಣರಂಗದಲ್ಲಿ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಅದರ ದಂಡು ಕರಗಿದ್ದಕ್ಕೆ ಒಲೆಯ ಮೇಲಿನ ಖಾಲಿ ಮಡಕೆಯೂ ಒಂದು ಕಾರಣ ಎಂಬುದು ಬಹುಪಾಲು ಇತಿಹಾಸಕಾರರು ಈಗ ಒಪ್ಪುವ ಮಾತು.

ಯುದ್ಧ ಮನೆಯಂಗಳಕ್ಕೇ ಬಂದ ಕಡೆಗಳೂ ಇದ್ದವು. 1863ರಲ್ಲಿ ಮಿಸಿಸಿಪ್ಪಿ ದಂಡೆಯ ವಿಕ್ಸ್‌ಬರ್ಗ್ 47 ದಿನ ಮುತ್ತಿಗೆಯಲ್ಲಿದ್ದಾಗ ಹೆಂಗಸರು, ಮಕ್ಕಳು ಗುಡ್ಡದ ಮೆದು ಮಣ್ಣಿನಲ್ಲಿ ಕೊರೆದ ಗುಹೆಗಳಲ್ಲಿ ಬದುಕಿದರು. ಹೆಚ್ಚಾಗಿ ಆ ಗುಹೆಗಳನ್ನು ಕೊರೆದವರು ಗುಲಾಮರು. 1864ರ ಜುಲೈಯಲ್ಲಿ ಜಾರ್ಜಿಯಾದ ರಾಸ್‌ವೆಲ್‌ನಲ್ಲಿ ದಕ್ಷಿಣದ ಸೈನ್ಯಕ್ಕೆ ಬಟ್ಟೆ ನೇಯುತ್ತಿದ್ದ ಗಿರಣಿಗಳನ್ನು ಸುಟ್ಟ ಉತ್ತರದ ಪಡೆ, ಜನರಲ್ ಶರ್ಮನ್‌ನ ಆಜ್ಞೆಯಂತೆ ಅಲ್ಲಿ ಕೂಲಿ ಮಾಡುತ್ತಿದ್ದ ಸುಮಾರು 400 ಮಂದಿಯನ್ನು, ಬಹುತೇಕ ಹೆಂಗಸರು ಮತ್ತು ಮಕ್ಕಳನ್ನು, ರಾಜದ್ರೋಹದ ಆಪಾದನೆಯ ಮೇಲೆ ರೈಲು ಹತ್ತಿಸಿ ನೂರಾರು ಮೈಲಿ ಉತ್ತರಕ್ಕೆ ಕಳಿಸಿತು. ಮಗ್ಗದ ಮುಂದೆ ನಿಂತಿದ್ದ ಕೂಲಿಯವಳು ಶತ್ರುವಿನ ಯುದ್ಧಯಂತ್ರದ ಭಾಗ ಎಂದು ಆತ ತೀರ್ಮಾನಿಸಿದ್ದ. ಅವರಲ್ಲಿ ಅನೇಕರು ಊರಿಗೆ ಮರಳಲೇ ಇಲ್ಲ.

ಉತ್ತರದಲ್ಲಿ ಗೆಟ್ಟಿಸ್‌ಬರ್ಗ್ ನೆನಪಾಗುತ್ತದೆ. ಅಲ್ಲಿನ ಎವರ್‌ಗ್ರೀನ್ ಸ್ಮಶಾನದ ಕಾವಲುಗಾರ ಸೈನ್ಯಕ್ಕೆ ಹೋಗಿದ್ದರಿಂದ ಅವನ ಹೆಂಡತಿ ಎಲಿಜಬೆತ್ ಥಾರ್ನ್ ಆ ಕೆಲಸ ನೋಡಿಕೊಳ್ಳುತ್ತಿದ್ದಳು. 1863ರ ಜುಲೈ 1ರಿಂದ 3ರವರೆಗಿನ ಕದನ ಮುಗಿದಾಗ ಬಿರುಬೇಸಿಗೆ, ಸುತ್ತೆಲ್ಲ ಕೊಳೆಯುತ್ತಿದ್ದ ಹೆಣ. ಆರು ತಿಂಗಳ ಗರ್ಭಿಣಿಯಾಗಿದ್ದ ಆಕೆ ತನ್ನ ವೃದ್ಧ ತಂದೆಯೊಂದಿಗೆ ಮುಂದಿನ ವಾರಗಳಲ್ಲಿ ಸುಮಾರು ನೂರು ಸೈನಿಕರಿಗೆ ಗುಂಡಿ ತೋಡಿ ಹೂಳಿದಳು. ನೆರವಿಗೆಂದು ಬಂದ ಗಂಡಸರು ವಾಸನೆ ತಾಳಲಾರದೆ ಹಿಂತಿರುಗಿದರು. ಈ ಕೆಲಸಕ್ಕಾಗಿ ಆಕೆಗೆ ಹೆಚ್ಚಿನ ಸಂಬಳವೇನೂ ಸಿಗಲಿಲ್ಲ. ಇಂದು ಆ ಸ್ಮಶಾನದಲ್ಲಿ ಆಕೆಯ ಪ್ರತಿಮೆಯಿದೆ; ಅದು ನಿಂತದ್ದು 2002ರಲ್ಲಿ.

ಈಗ ಗುಲಾಮಗಿರಿಯಲ್ಲಿದ್ದ ಹೆಂಗಸರ ವಿಷಯ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. 1860ರಲ್ಲಿ ಅಮೆರಿಕದಲ್ಲಿ 39 ಲಕ್ಷಕ್ಕೂ ಹೆಚ್ಚು ಜನ ಗುಲಾಮರಿದ್ದರು, ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. 1861ರ ಮೇ ತಿಂಗಳಲ್ಲಿ ವರ್ಜೀನಿಯಾದ ಮನ್ರೋ ಕೋಟೆಗೆ ಓಡಿಬಂದ ಮೂವರು ಗುಲಾಮರನ್ನು ಜನರಲ್ ಬೆಂಜಮಿನ್ ಬಟ್ಲರ್ ಒಡೆಯನಿಗೆ ಹಿಂದಿರುಗಿಸದೆ, ಶತ್ರುವಿನಿಂದ ವಶಪಡಿಸಿಕೊಂಡ ಸರಕೆಂದು ಉಳಿಸಿಕೊಂಡ. ಸುದ್ದಿ ತೋಟದಿಂದ ತೋಟಕ್ಕೆ ಹರಡಿ, ಯುದ್ಧ ಮುಗಿಯುವುದರೊಳಗೆ ಸುಮಾರು ಐದು ಲಕ್ಷ ಜನ ಉತ್ತರದ ಸೈನ್ಯದ ಸೀಮೆಯನ್ನು ಸೇರಿದರು. ಒಂಟಿ ಗಂಡಸು ಕಾಡಿನಲ್ಲಿ ಅಡಗಿ ರಾತ್ರಿ ನಡೆದು ತಪ್ಪಿಸಿಕೊಳ್ಳಬಲ್ಲ. ಕಂಕುಳಲ್ಲಿ ಕೂಸು, ಕೈಯಲ್ಲಿ ಇನ್ನೊಂದು ಮಗು ಹಿಡಿದವಳು ಸಿಕ್ಕಿಬೀಳುವ ಸಂಭವ ಹೆಚ್ಚು. ಶಾಂತಿಕಾಲದಲ್ಲಿ ಓಡಿಹೋದವರಲ್ಲಿ ಗಂಡಸರೇ ಬಹಳವಾಗಿದ್ದದ್ದು ಇದರಿಂದಲೇ. ಯುದ್ಧ ಈ ಲೆಕ್ಕವನ್ನು ಬದಲಿಸಿತು. ಬಿಡುಗಡೆಯ ಗಡಿ ನೂರಾರು ಮೈಲಿಯಾಚೆಯ ಉತ್ತರದಿಂದ ಪಕ್ಕದ ನದಿಯ ತೀರಕ್ಕೆ ಸರಿದಾಗ ಇಡೀ ಕುಟುಂಬಗಳು, ಮೂರು ತಲೆಮಾರಿನ ಹೆಂಗಸರು ಒಟ್ಟಿಗೆ ಗಂಟು ಕಟ್ಟಿ ಹೊರಟರು. ಹೊರಡದೆ ಉಳಿದವರು ಕೆಲಸದ ವೇಗ ತಗ್ಗಿಸಿದರು, ಏಟಿಗೆ ಮೈಯೊಡ್ಡಲು ನಿರಾಕರಿಸಿದರು. ಗಂಡ ದೂರದಲ್ಲಿದ್ದ ತೋಟದೊಡತಿಯರ ಪತ್ರಗಳು ಈ ಬಗ್ಗೆ ದೂರುಗಳಿಂದ ತುಂಬಿವೆ.

ಆದರೆ ಸೈನ್ಯಕ್ಕೆ ಬೇಕಾಗಿದ್ದದ್ದು ಕಂದಕ ತೋಡುವ, ಮುಂದೆ ಬಂದೂಕು ಹಿಡಿಯುವ ಗಂಡಸರು. ಹೆಂಗಸರು, ಮಕ್ಕಳು ಅಧಿಕಾರಿಗಳ ಕಣ್ಣಿಗೆ ಹೊರೆಯಾಗಿ ಕಂಡರು. ಆರ್ಕನ್ಸಾದ ಹೆಲೆನಾ, ಮಿಸಿಸಿಪ್ಪಿಯ ಕೊರಿಂತ್ ಮುಂತಾದೆಡೆ ಎದ್ದ ಶಿಬಿರಗಳಲ್ಲಿ ಹರಿದ ಡೇರೆ, ಸಿಡುಬು, ಭೇದಿಗಳ ನಡುವೆ ಅವರು ಬಟ್ಟೆ ಒಗೆದು, ಅಡುಗೆ ಮಾಡಿ, ಬಿಟ್ಟುಹೋದ ತೋಟಗಳಲ್ಲಿ ಹತ್ತಿ ಬಿಡಿಸಿ ಹೊಟ್ಟೆ ಹೊರೆದರು. ಅದೇ ಶಿಬಿರಗಳಲ್ಲಿ ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತರು ಎಂಬುದನ್ನೂ ಹೇಳಬೇಕು, ಏಕೆಂದರೆ ಗುಲಾಮರಿಗೆ ಓದು ಕಲಿಸುವುದು ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಅಪರಾಧವಾಗಿತ್ತು.

ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಂಟಕಿ ಉತ್ತರದ ಪಕ್ಷದಲ್ಲೇ ಉಳಿದಿದ್ದ ಗುಲಾಮಗಿರಿಯ ರಾಜ್ಯವಾದ್ದರಿಂದ ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಸಾರಿದ, ಉತ್ತರದ ಅಧ್ಯಕ್ಷ ಲಿಂಕನ್ನನ 1863ರ ಜನವರಿ 1ರ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸಲಿಲ್ಲ. ಅಲ್ಲಿನ ಗುಲಾಮ ಸೈನ್ಯ ಸೇರಿದರೆ ಸ್ವತಂತ್ರನಾಗುತ್ತಿದ್ದ; ಅವನ ಹೆಂಡತಿ, ಮಕ್ಕಳು ಒಡೆಯನ ಸ್ವತ್ತಾಗಿಯೇ ಉಳಿಯುತ್ತಿದ್ದರು, ಎಷ್ಟೋ ಕಡೆ ಅವನು ಹೋದದ್ದರ ಸೇಡನ್ನು ಒಡೆಯ ಅವರ ಮೇಲೆ ತೀರಿಸಿಕೊಳ್ಳುತ್ತಿದ್ದ. ಆದ್ದರಿಂದ ಕುಟುಂಬಗಳು ಸೈನಿಕರ ಹಿಂದೆಯೇ ಪಾಳೆಯಕ್ಕೆ ಬಂದು ಗುಡಿಸಲು ಹಾಕಿಕೊಂಡವು. 1864ರ ನವೆಂಬರ್ ಕೊನೆಯ ವಾರದ ಕೊರೆಯುವ ಚಳಿಯಲ್ಲಿ ಪಾಳೆಯದ ಅಧಿಕಾರಿ ಜನರಲ್ ಸ್ಪೀಡ್ ಫ್ರೈ ಸುಮಾರು 400 ಹೆಂಗಸರು, ಮಕ್ಕಳನ್ನು ಬಂಡಿಗಳಿಗೆ ತುಂಬಿಸಿ ಹೊರಗಟ್ಟಿ, ಗುಡಿಸಲುಗಳನ್ನು ಕೆಡವಿಸಿದ. ಜೋಸೆಫ್ ಮಿಲ್ಲರ್ ಎಂಬ ಕರಿಯ ಸೈನಿಕ ಆ ದಿನಗಳಲ್ಲೇ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಉಳಿದಿದೆ: ಖಾಯಿಲೆಯಲ್ಲಿದ್ದ ಏಳು ವರ್ಷದ ಮಗನನ್ನು ಹೊರಗೆ ಕಳಿಸಿದರೆ ಸತ್ತೇಹೋಗುತ್ತಾನೆಂದು ಆತ ಬೇಡಿಕೊಂಡ, ಹತ್ತದಿದ್ದರೆ ಗುಂಡಿಕ್ಕುವೆನೆಂದು ಕಾವಲಿನವನು ಗದರಿದ, ರಾತ್ರಿ ಆರು ಮೈಲಿ ನಡೆದು ಹುಡುಕಿಕೊಂಡು ಹೋದಾಗ ಮಗು ಸತ್ತಿತ್ತು. ಹೊರಗಟ್ಟಿದ ಆ 400ರಲ್ಲಿ 102 ಮಂದಿ ಸತ್ತರು. ಈ ಹೇಳಿಕೆಗಳು ಪತ್ರಿಕೆಗಳಿಗೂ ವಾಷಿಂಗ್‌ಟನ್ನಿಗೂ ತಲಪಿ ಎದ್ದ ಗದ್ದಲದಿಂದ ಆಜ್ಞೆ ರದ್ದಾಯಿತು, ಪಾಳೆಯದಲ್ಲಿ ನಿರಾಶ್ರಿತರ ವಸತಿ ಎದ್ದಿತು, ಮತ್ತು 1865ರ ಮಾರ್ಚ್ 3ರಂದು ಕರಿಯ ಸೈನಿಕರ ಹೆಂಡತಿ, ಮಕ್ಕಳನ್ನು ಸ್ವತಂತ್ರಗೊಳಿಸುವ ಕಾಯ್ದೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿತು. ಕೆಂಟಕಿಯ ಸಾವಿರಾರು ಹೆಂಗಸರು ಕಾನೂನಿನ ಕಣ್ಣಲ್ಲಿ ಮನುಷ್ಯರಾದದ್ದು ಹೀಗೆ, ಗಂಡನ ಮೂಲಕ.

ಇವರಲ್ಲಿ ಹೆಸರು ಉಳಿದವರು ಕೆಲವರು ಮಾತ್ರ. ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿ, ಪುಸ್ತಕವನ್ನು ಕಾಗದದಲ್ಲಿ ಮುಚ್ಚಿಟ್ಟುಕೊಂಡು ಹೋಗಿ ಗುಟ್ಟಾಗಿ ಓದು ಕಲಿತಿದ್ದ ಸೂಸಿ ಕಿಂಗ್ ಟೇಲರ್ 1862ರಲ್ಲಿ, ಹದಿನಾಲ್ಕರ ಆಸುಪಾಸಿನಲ್ಲಿ, ಉತ್ತರದ ಸೈನ್ಯದ ಆಶ್ರಯ ಸೇರಿದಳು. ಕರಿಯ ಸೈನಿಕರ ಮೊದಲ ರೆಜಿಮೆಂಟುಗಳಲ್ಲೊಂದರಲ್ಲಿ ಆಕೆಯನ್ನು ಸೇರಿಸಿಕೊಂಡದ್ದು ಬಟ್ಟೆ ಒಗೆಯುವವಳೆಂದು. ವಾಸ್ತವದಲ್ಲಿ ಆಕೆ ಗಾಯಾಳುಗಳ ಆರೈಕೆ ಮಾಡಿದಳು, ಸೈನಿಕರಿಗೆ ಓದು ಬರಹ ಕಲಿಸಿದಳು, ಬಂದೂಕು ಬಿಚ್ಚಿ ಒರೆಸಿ ಜೋಡಿಸಿದಳು. ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಸೇವೆಗೆ ಒಂದು ಡಾಲರೂ ಸಿಗಲಿಲ್ಲವೆಂದು ಮುಂದೆ ಆಕೆಯೇ ಬರೆದಿದ್ದಾಳೆ. ಹ್ಯಾರಿಯೆಟ್ ಟಬ್‌ಮನ್‌ಳ ಹೆಸರನ್ನು ನೀವು ಕೇಳಿರಬಹುದು. 1863ರ ಜೂನ್ 2ರಂದು ದಕ್ಷಿಣ ಕೆರೊಲಿನಾದ ಕೊಂಬಾಹೀ ನದಿಯಲ್ಲಿ ಉತ್ತರದ ದೋಣಿಗಳಿಗೆ ದಾರಿ ತೋರಿದವಳು, ಬೇಹಿನ ಮಾಹಿತಿ ಕಲೆ ಹಾಕಿದವಳು ಆಕೆ. ಒಂದೇ ರಾತ್ರಿಯ ಆ ದಾಳಿಯಲ್ಲಿ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು.

ಉತ್ತರದ ನಗರಗಳಲ್ಲಿ ಪ್ರಶ್ನೆ ಕೂಲಿಯದು. ಗಂಡ ಸೈನ್ಯಕ್ಕೆ ಹೋದರೆ ತಿಂಗಳಿಗೆ 13 ಡಾಲರ್, ಅದು ಕೈಸೇರಲು ಎಷ್ಟೋ ಸಲ ಅರ್ಧ ವರ್ಷ. ಕರಿಯ ಸೈನಿಕನಾದರೆ 1864ರವರೆಗೆ ಬಟ್ಟೆಯ ಖರ್ಚು ಕಳೆದು ಏಳೇ ಡಾಲರ್. ಹೀಗಾಗಿ ಸಾವಿರಾರು ಹೆಂಗಸರು ಸೈನ್ಯದ ಸಮವಸ್ತ್ರ ಹೊಲಿಯುವುದಕ್ಕೆ ಇಳಿದರು. ಸರ್ಕಾರಿ ಉಗ್ರಾಣದಿಂದ ನೇರವಾಗಿ ಬಟ್ಟೆ ಪಡೆದರೆ ಸುಮಾರಾದ ಕೂಲಿ ಇತ್ತು; ಗುತ್ತಿಗೆದಾರರ ಕೈಗೆ ಸಿಕ್ಕವರಿಗೆ ಅದರ ಅರ್ಧವೂ ದಕ್ಕುತ್ತಿರಲಿಲ್ಲ. ಫಿಲಡೆಲ್ಫಿಯಾದವರೂ ಸಿನ್ಸಿನಾಟಿಯವರೂ ಈ ಅನ್ಯಾಯವನ್ನು ತೋಡಿಕೊಂಡು ಸರ್ಕಾರಕ್ಕೆ ಮನವಿ ಬರೆದರು. ವಾಷಿಂಗ್‌ಟನ್ನಿನ ಖಜಾನೆಯಲ್ಲಿ ನೋಟಿನ ಹಾಳೆಗಳನ್ನು ಕತ್ತರಿಸಲು ಹೆಂಗಸರನ್ನು ನೇಮಿಸಿದ ಖಜಾನಾಧಿಕಾರಿ ಫ್ರಾನ್ಸಿಸ್ ಸ್ಪಿನ್ನರ್, ಆ ಹೆಂಗಸರ ಕೈಚಳಕವನ್ನು ಮೆಚ್ಚಿದನಾದರೂ ವರ್ಷಕ್ಕೆ ಕೊಟ್ಟದ್ದು 600 ಡಾಲರ್. ಗಂಡಸು ಗುಮಾಸ್ತನಿಗೆ ಅದರ ಎರಡು ಪಟ್ಟು. ಮದ್ದುಗುಂಡಿನ ಕಾರ್ಖಾನೆಗಳು ಸಣ್ಣ ಬೆರಳುಗಳೆಂಬ ನೆಪದಲ್ಲಿ ಎಳೆಯ ಹುಡುಗಿಯರನ್ನೇ ಆರಿಸಿದವು. 1862ರ ಸೆಪ್ಟೆಂಬರ್ 17ರಂದು, ಆಂಟೀಟಮ್ ಕದನದ ದಿನವೇ, ಪಿಟ್ಸ್‌ಬರ್ಗ್ ಬಳಿಯ ಅಲೆಘೆನಿ ಶಸ್ತ್ರಾಗಾರ ಸಿಡಿದು 78 ಮಂದಿ ಸತ್ತರು, ಹೆಚ್ಚಿನವರು ಯುವತಿಯರು. 1863ರ ಮಾರ್ಚ್‌ನಲ್ಲಿ ರಿಚ್‌ಮಂಡಿನ ಬ್ರೌನ್ಸ್ ಐಲೆಂಡಿನಲ್ಲಿ ನಲವತ್ತಕ್ಕೂ ಹೆಚ್ಚು, 1864ರ ಜೂನ್ 17ರಂದು ವಾಷಿಂಗ್‌ಟನ್ ಶಸ್ತ್ರಾಗಾರದಲ್ಲಿ 21 ಮಂದಿ. ಕೊನೆಯ ಘಟನೆಯಲ್ಲಿ ಒಣಗಲೆಂದು ಬಿಸಿಲಿಗಿಟ್ಟಿದ್ದ ಬಾಣಬಿರುಸಿನ ಮದ್ದು ಹೊತ್ತಿಕೊಂಡು, ಕಿಟಕಿಯ ಮೂಲಕ ಕಿಡಿ ಒಳಬಿದ್ದಿತ್ತು. ಸತ್ತವರ ಶವಯಾತ್ರೆಯಲ್ಲಿ ಲಿಂಕನ್ ಸ್ವತಃ ಪಾಲುಗೊಂಡ. ಕದನಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವವರೂ ಈ ಮೂರು ಹೆಸರುಗಳನ್ನು ಅರಿಯರು.

ದಾದಿಯರ ಬಗ್ಗೆ ನೀವು ಓದಿರುವುದರಿಂದ, ಓದಿರದೆ ಇರಬಹುದಾದದ್ದನ್ನಷ್ಟೇ ಹೇಳುತ್ತೇನೆ. 1861ರ ಜೂನ್‌ನಲ್ಲಿ ದಾದಿಯರ ಮೇಲ್ವಿಚಾರಕಿಯಾಗಿ ನೇಮಕಗೊಂಡ ಡೊರೊಥಿಯಾ ಡಿಕ್ಸ್, ವಯಸ್ಸು 35ರಿಂದ 50ರೊಳಗಿರಬೇಕು, ಕಂದು ಅಥವಾ ಕಪ್ಪು ಉಡುಪು ತೊಡಬೇಕು, ಒಡವೆ, ರಿಬ್ಬನ್, ಉಬ್ಬುಲಂಗ ಕೂಡದು ಎಂದು ನಿಯಮ ಮಾಡಿದಳು. ಇದನ್ನು ಗೇಲಿ ಮಾಡುವುದು ಸುಲಭ. ಗಂಡಸರ ವಾರ್ಡಿಗೆ ಅಪರಿಚಿತ ಹೆಂಗಸು ಕಾಲಿಡುವುದೇ ಅಪವಾದವಾಗಿದ್ದ ಕಾಲದಲ್ಲಿ ಬಾಗಿಲು ತೆರೆಸಲು ಅದೊಂದು ಲೆಕ್ಕಾಚಾರದ ಉಪಾಯವೂ ಆಗಿತ್ತು. ದಿನಕ್ಕೆ 40 ಸೆಂಟ್ ಸಂಬಳ. ಆದರೆ ಆಸ್ಪತ್ರೆ ನಡೆಯುತ್ತಿದ್ದದ್ದು ದಾದಿಯೆಂಬ ಹುದ್ದೆಯವರಿಂದ ಮಾತ್ರವಲ್ಲ. ಉತ್ತರದಲ್ಲಿ ಆಸ್ಪತ್ರೆಗಳ ಕೆಲಸಕ್ಕೆ ಸೇರಿದ ಹೆಂಗಸರು ಇಪ್ಪತ್ತು ಸಾವಿರದಷ್ಟಿದ್ದರೆ, ಡಿಕ್ಸ್‌ಳ ಕೈಕೆಳಗಿದ್ದವರು ಸುಮಾರು ಮೂರು ಸಾವಿರ. ಉಳಿದವರು ಅಡುಗೆಯವರು, ಅಗಸಗಿತ್ತಿಯರು, ಕ್ರೈಸ್ತ ಸನ್ಯಾಸಿನಿಯರು, ಕೂಲಿಗೆ ಬಂದ ಕರಿಯ ಹೆಂಗಸರು. ರಿಚ್‌ಮಂಡಿನ ಚಿಂಬರಾಜೊ ಎಂಬ ಬೃಹತ್ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದ ಫೀಬಿ ಪೆಂಬರ್, ರೋಗಿಗಳಿಗೆಂದು ಬಂದ ವಿಸ್ಕಿ ಪೀಪಾಯಿಯ ಒಡೆತನಕ್ಕಾಗಿ ಗಂಡಸು ಸಿಬ್ಬಂದಿಯೊಡನೆ ನಡೆಸಿದ ಸುದೀರ್ಘ ಕಾಳಗ ಪ್ರಸಿದ್ಧ. ಅದೇ ಆಸ್ಪತ್ರೆಯ ನೆಲ ಒರೆಸಿದವರು, ರಕ್ತದ ಬಟ್ಟೆ ಒಗೆದವರು ಬಾಡಿಗೆಗೆ ತಂದ ಗುಲಾಮರು, ಬಾಡಿಗೆಯ ಹಣ ಸಂದದ್ದು ಒಡೆಯನಿಗೆ.

ಸೈನಿಕರ ಆರೈಕೆಗಾಗಿ ನಡೆದ ನಿಧಿ ಸಂಗ್ರಹದ ಕೆಲಸದಲ್ಲಿ ಅನುಕೂಲಸ್ಥ ಹೆಂಗಸರು ಆಡಳಿತ ಕಲಿತರು ಎಂಬುದು ನಿಜ. 1863ರಲ್ಲಿ ಷಿಕಾಗೋದ ದೊಡ್ಡ ಜಾತ್ರೆಯನ್ನು ಸಂಘಟಿಸಿದ ಮೇರಿ ಲಿವರ್‌ಮೋರ್ ಮತ್ತು ಜೇನ್ ಹೋಗ್, ಸಭಾಂಗಣ ಕಟ್ಟಿಸಲು ಗುತ್ತಿಗೆದಾರನೊಡನೆ ಕರಾರಿಗೆ ಸಹಿ ಹಾಕಲು ಹೋದಾಗ, ವಿವಾಹಿತೆಯರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಗಂಡಂದಿರ ಸಹಿ ಬೇಕು ಎಂಬ ಉತ್ತರ ಬಂತು. ಹಣ ಪೂರ್ತಿಯಾಗಿ ಅವರೇ ಕೂಡಿಸಿದ್ದು. ಲಿವರ್‌ಮೋರ್ ಯುದ್ಧಾನಂತರ ಮತದ ಹಕ್ಕಿನ ಹೋರಾಟಕ್ಕೆ ಧುಮುಕಿದ್ದರ ಹಿಂದೆ ಈ ಅನುಭವವಿತ್ತೆಂದು ಆಕೆಯೇ ಹೇಳಿಕೊಂಡಿದ್ದಾಳೆ.

ಗಂಡುವೇಷದಲ್ಲಿ ಹೋರಾಡಿದವರು ಕನಿಷ್ಠ 400 ಮಂದಿ ಇದ್ದರೆಂಬ ಅಂದಾಜಿದೆ. ವೈದ್ಯಕೀಯ ತಪಾಸಣೆ ಹೆಸರಿಗಷ್ಟೇ ಇದ್ದದ್ದರಿಂದ, ಮೀಸೆ ಮೂಡದ ಹುಡುಗರು ಸೈನ್ಯದಲ್ಲಿ ತುಂಬಿದ್ದದ್ದರಿಂದ ಅದು ಸಾಧ್ಯವಾಯಿತು. ನ್ಯೂಯಾರ್ಕ್ ರಾಜ್ಯದ ರೈತಕುಟುಂಬದ ಸಾರಾ ರೊಸೆಟ್ಟಾ ವೇಕ್‌ಮನ್ ಸೇರಿದ್ದು ಮನೆಯ ಸಾಲ ತೀರಿಸಲು. ಗಂಡಸಿನ ಕೂಲಿ ಹೆಂಗಸಿಗಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. 1864ರಲ್ಲಿ ನ್ಯೂ ಆರ್ಲಿಯನ್ಸಿನ ಆಸ್ಪತ್ರೆಯಲ್ಲಿ ಭೇದಿಯಿಂದ ಸತ್ತ ಆಕೆಯನ್ನು ಗಂಡು ಹೆಸರಿನಲ್ಲೇ ಹೂಳಿದರು. ಗೂಢಚಾರಿಣಿಯರ ಬಗ್ಗೆ ನಾನು ಮಾತು ಬೆಳೆಸುವುದಿಲ್ಲ. ಆ ಕಥೆಗಳಲ್ಲಿ ಹೆಚ್ಚಿನವನ್ನು ಯುದ್ಧ ಮುಗಿದ ಮೇಲೆ ಮಾರಾಟಕ್ಕೆಂದೇ ಸಿಂಗರಿಸಲಾಗಿದೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಪಿಂಚಣಿ ಕಡತಗಳಲ್ಲಿದೆ. 1862ರ ಜುಲೈನ ಕಾಯ್ದೆಯಂತೆ ಉತ್ತರದ ಸಾಮಾನ್ಯ ಸೈನಿಕನ ವಿಧವೆಗೆ ತಿಂಗಳಿಗೆ 8 ಡಾಲರ್ ಗೊತ್ತಾಯಿತು. ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. 1882ರಿಂದ, ಮದುವೆಯಾಗದೆ ಗಂಡಸಿನೊಡನೆ ಬಾಳುತ್ತಿದ್ದಾಳೆಂದು ಕಂಡರೂ ನಿಲ್ಲುತ್ತಿತ್ತು, ತನಿಖಾಧಿಕಾರಿಗಳು ನೆರೆಹೊರೆಯವರನ್ನು ಕೂರಿಸಿಕೊಂಡು ವಿಧವೆಯ ನಡತೆಯನ್ನು ವಿಚಾರಿಸುತ್ತಿದ್ದರು. ಕರಿಯ ಸೈನಿಕನ ವಿಧವೆಗೆ ಇನ್ನೊಂದು ಗೋಡೆ ಅಡ್ಡ ಬಂತು: ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲವಾದ್ದರಿಂದ ದಾಖಲೆ ಎಲ್ಲಿಂದ ತರುವುದು? 1864ರಲ್ಲಿ ಕಾಂಗ್ರೆಸ್ ಸಾಕ್ಷಿದಾರರ ಹೇಳಿಕೆ ಸಾಕೆಂದು ಕಾನೂನು ಸಡಿಲಿಸಿತು. ಅದರಿಂದಾಗಿ, ಯಾವ ಪುಸ್ತಕದಲ್ಲೂ ಇಲ್ಲದ ಆ ದಾಂಪತ್ಯಗಳ ವಿವರ, ಯಾರು ಯಾವ ತೋಟದಲ್ಲಿ ಯಾವ ಹಬ್ಬದಂದು ಕೈಹಿಡಿದರು, ಯಾವ ಮಗುವನ್ನು ಯಾರಿಗೆ ಮಾರಿದರು ಎಂಬುದೆಲ್ಲ ಆ ಕಡತಗಳಲ್ಲಿ ಉಳಿದಿದೆ. ದಕ್ಷಿಣದ ಸೈನಿಕರ ವಿಧವೆಯರಿಗೆ ಕೇಂದ್ರದಿಂದ ಏನೂ ಇಲ್ಲ. ಆಯಾ ರಾಜ್ಯಗಳು ದಶಕಗಳ ನಂತರ ಅಲ್ಪಸ್ವಲ್ಪ ಕೊಟ್ಟವು.

ದಾದಿಯರ ಪಿಂಚಣಿ ಕಾಯ್ದೆ ಬಂದದ್ದು 1892ರಲ್ಲಿ, ತಿಂಗಳಿಗೆ 12 ಡಾಲರ್. ದಾದಿಯೆಂದು ಅಧಿಕೃತವಾಗಿ ನೇಮಕವಾದವರಿಗೆ ಮಾತ್ರ ಅದು ಸಲ್ಲುತ್ತಿತ್ತು. ಅಡುಗೆಯವಳು, ಅಗಸಗಿತ್ತಿ ಎಂದು ದಾಖಲಾಗಿ ಅದೇ ವಾರ್ಡಿನಲ್ಲಿ ಅದೇ ಗಾಯಗಳನ್ನು ತೊಳೆದವರು ಹೊರಗುಳಿದರು. ಸೂಸಿ ಕಿಂಗ್ ಟೇಲರ್‌ಗೆ ತನ್ನ ಸೇವೆಗಾಗಿ ಪಿಂಚಣಿ ಸಿಗಲಿಲ್ಲ. ಟಬ್‌ಮನ್‌ಗೆ 1890ರ ದಶಕದಲ್ಲಿ ಮೊದಲು ಸಿಕ್ಕ 8 ಡಾಲರ್ ಆಕೆಯ ಎರಡನೆಯ ಗಂಡ ಸೈನಿಕನಾಗಿದ್ದನೆಂಬ ಕಾರಣಕ್ಕೆ. 1899ರಲ್ಲಿ ಅದು 20 ಡಾಲರಿಗೆ ಏರಿತು.

ಹಕ್ಕಿನ ವಿಷಯವೂ ಹೀಗೆಯೇ. ಮಹಿಳಾ ಹಕ್ಕಿನ ಹೋರಾಟಗಾರ್ತಿಯರಾದ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಮತ್ತು ಸೂಸನ್ ಆಂಟನಿ 1863ರಲ್ಲಿ ಕಟ್ಟಿದ ಸಂಘ ಗುಲಾಮಗಿರಿಯ ಸಂಪೂರ್ಣ ರದ್ದತಿಗಾಗಿ ಸುಮಾರು ನಾಲ್ಕು ಲಕ್ಷ ಸಹಿಗಳನ್ನು ಸಂಗ್ರಹಿಸಿ ಸಂಸತ್ತಿಗೆ ಒಪ್ಪಿಸಿತು, ಗುಲಾಮಗಿರಿಯನ್ನು ರದ್ದುಮಾಡಿದ 1865ರ ಸಂವಿಧಾನದ ಹದಿಮೂರನೆಯ ತಿದ್ದುಪಡಿಗೆ ಅದು ಬಲ ಕೊಟ್ಟಿತು. 1868ರ ಹದಿನಾಲ್ಕನೆಯ ತಿದ್ದುಪಡಿ ಮತದಾರರ ಪ್ರಸ್ತಾಪದಲ್ಲಿ 'ಪುರುಷ' ಎಂದು ಸಂವಿಧಾನದಲ್ಲಿ ಮೊದಲ ಬಾರಿಗೆ ಬರೆಯಿತು, 1870ರ ಹದಿನೈದನೆಯದು ಕರಿಯ ಗಂಡಸರಿಗೆ ಮತದ ಹಕ್ಕು ಕೊಟ್ಟು ಎಲ್ಲ ಹೆಂಗಸರನ್ನೂ ಹೊರಗಿಟ್ಟಿತು. ಅವರಿಗೆ ಸಂವಿಧಾನದ ಮೂಲಕ ಮತ ಬಂದದ್ದು 1920ರಲ್ಲಿ. ದಕ್ಷಿಣದ ಕರಿಯ ಹೆಂಗಸರಲ್ಲಿ ಹೆಚ್ಚಿನವರು ಅದನ್ನು ಚಲಾಯಿಸಲು 1965ರ ಮತದಾನ ಹಕ್ಕಿನ ಕಾಯ್ದೆಯವರೆಗೆ ಕಾಯಬೇಕಾಯಿತು. ಹಾಗಿದ್ದೂ ಅವರ ಅಜ್ಜಿಯರ ಕೈಗೆ ಯುದ್ಧದಿಂದ ಬಂದದ್ದನ್ನು ಕಡಿಮೆಯೆಂದು ನಾನು ಹೇಳಲಾರೆ: 1865ರ ನಂತರ ಹೆತ್ತ ಮಗುವನ್ನು ಯಾರೂ ಮಾರುವಂತಿರಲಿಲ್ಲ, ಕಟ್ಟಿಕೊಂಡ ಗಂಡನ ಜೊತೆಗಿನ ಮದುವೆಯನ್ನು ನ್ಯಾಯಾಲಯ ಒಪ್ಪುತ್ತಿತ್ತು, ಮತ್ತು ಅನೇಕ ಹೆಂಗಸರು ಮೊದಲು ಮಾಡಿದ ಕೆಲಸವೆಂದರೆ ಒಡೆಯನ ಹೊಲಕ್ಕೆ ಹೋಗುವುದನ್ನು ನಿಲ್ಲಿಸಿ, ಮಾರಾಟವಾಗಿ ದೂರವಾಗಿದ್ದ ಮಕ್ಕಳನ್ನು ಹುಡುಕಿಸಲು ಪತ್ರಿಕೆಗಳಿಗೆ ಪ್ರಕಟಣೆ ಬರೆಸಿದ್ದು. ಅಂಥ ಪ್ರಕಟಣೆಗಳು ಯುದ್ಧ ಮುಗಿದು ಮೂವತ್ತು ವರ್ಷ ಕಳೆದರೂ ಅಚ್ಚಾಗುತ್ತಲೇ ಇದ್ದವು.